ಬ್ರೌಸರ್‌ನಲ್ಲಿ ಹ್ಯಾಮಂಡ್ ಆರ್ಗನ್: ಚಕ್ರ ನಿಲ್ಲಿಸಬೇಡಿ

ಬ್ರೌಸರ್‌ನಲ್ಲಿ ಆರ್ಗನ್ ಕಟ್ಟಹೊರಟವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಕೀ ಒತ್ತಿದಾಗಲೆಲ್ಲ ಹೊಸ ಆಸಿಲೇಟರ್ (ದನಿಯ ಅಲೆ ಹುಟ್ಟಿಸುವ ಘಟಕ) ಹುಟ್ಟಿಸುತ್ತಾರೆ, ಬಿಟ್ಟಾಗ ನಿಲ್ಲಿಸುತ್ತಾರೆ. ಬ್ರೌಸರ್‌ನ ವೆಬ್ ಆಡಿಯೊದಲ್ಲಿ ಒಮ್ಮೆ ನಿಂತ ಆಸಿಲೇಟರ್ ಮತ್ತೆ ಶುರುವಾಗದು. ಒಂದು ಸ್ವರದಲ್ಲಿ ಒಂಬತ್ತು ದನಿಗಳು ಬೆರೆಯುವುದರಿಂದ ಹತ್ತೂ ಬೆರಳಿಟ್ಟರೆ ತೊಂಬತ್ತು ಆಸಿಲೇಟರ್. ಹಳೆಯ ಮೊಬೈಲ್ ಗೊರಗುಟ್ಟುತ್ತದೆ. 1935ರಲ್ಲಿ ಬಂದ ವಿದ್ಯುತ್ ವಾದ್ಯ ಹ್ಯಾಮಂಡ್ ಆರ್ಗನ್‌ನಲ್ಲಿ ದನಿ ಹುಟ್ಟಿಸುವ ಹಲ್ಲುಚಕ್ರಗಳು ಸದಾ ತಿರುಗುತ್ತಲೇ ಇರುತ್ತವೆ, ಕೀ ಬರೀ ಸಂಪರ್ಕ ಕೊಡುತ್ತದೆ. ಅದನ್ನೇ ಅನುಸರಿಸಿ.

ಪುಟದಲ್ಲಿ ‘ಶುರು’ ಬಟನ್ ಇಡಿ. ಅದನ್ನು ಒತ್ತುವವರೆಗೂ ಬ್ರೌಸರ್ ಸದ್ದು ಬಿಡುವುದಿಲ್ಲ. ಒತ್ತಿದ ಕೂಡಲೇ 91 ಸೈನ್ ಆಸಿಲೇಟರ್‌ಗಳನ್ನು ಓಡಿಸಿ: ಮೊದಲನೆಯದು 32.7 ಹರ್ಟ್ಸ್, ಮುಂದಿನದು ಹಿಂದಿನದರ 1.05946 ಪಟ್ಟು. ಪ್ರತಿಯೊಂದಕ್ಕೂ ಸೊನ್ನೆಯಲ್ಲಿಟ್ಟ ಒಂದು ಗೇನ್ (ದನಿಯ ಬಲ ಹೊಂದಿಸುವ ಘಟಕ). ಎಲ್ಲವೂ 0.05ರ ಮುಖ್ಯ ಗೇನ್‌ಗೆ ಸೇರಲಿ. ಒಡಕು ಸದ್ದು ಬಂದರೆ ಇದನ್ನೇ ಇಳಿಸಿ. ಜೋರು ದನಿಯನ್ನು ತಾನೇ ತಗ್ಗಿಸುವ ಕಂಪ್ರೆಸರ್ ಹಾಕಲೇಬೇಡಿ, ಸ್ವರ ಸೇರಿದಂತೆಲ್ಲ ದನಿ ಉಬ್ಬಸ ಪಡುತ್ತದೆ.

ಬೆರೆಯುವ ಒಂಬತ್ತು ದನಿಗಳ ಬಲವನ್ನು ಒಂದೊಂದಾಗಿ ಹೊಂದಿಸುವ ಎಳೆಪಟ್ಟಿಗಳೇ ಡ್ರಾಬಾರ್‌ಗಳು. ಈ ಒಂಬತ್ತು ಒತ್ತಿದ ಸ್ವರದಿಂದ ಇಷ್ಟು ಅರ್ಧಸ್ವರ ದೂರ: -12, 7, 0, 12, 19, 24, 28, 31, 36. ಎರಡನೆಯದು ಪಂಚಮ, ಕ್ರಮ ತಪ್ಪಿದಂತೆ ಕಂಡರೂ ತಪ್ಪಲ್ಲ. ‘ಸರಿಪಡಿಸಲು’ ಹೋಗಿ ಅದಲುಬದಲು ಮಾಡುವವರೇ ಹೆಚ್ಚು. ಪ್ರತಿ ಡ್ರಾಬಾರ್‌ಗೆ ಸೊನ್ನೆಯಿಂದ ಎಂಟರವರೆಗೆ ಗುರುತುಗಳು: ಎಂಟನೇ ಗುರುತಿಗೆ ಬಲ 1, ಪ್ರತಿ ಮೆಟ್ಟಿಲಿಗೆ 0.7ರಿಂದ ಗುಣಿಸುತ್ತ ಇಳಿಸಿ, ಸೊನ್ನೆಗೆ ಪೂರ್ತಿ ಮೌನ.

ಇನ್ನು ಕಷ್ಟದ ಘಟ್ಟ. ಕೆಳಗಿನ ಸ-ದ ನಾಲ್ಕನೇ ಡ್ರಾಬಾರ್, ಮೇಲಿನ ಸ-ದ ಮೂರನೆಯದು, ಎರಡೂ ಬಳಸುವುದು ಒಂದೇ ಆಸಿಲೇಟರ್. ಒಂದು ಕೀ ಬಿಟ್ಟಾಗ ಅದನ್ನು ಸೊನ್ನೆ ಮಾಡಿದರೆ ಇನ್ನೊಂದರ ದನಿಯೂ ಸಾಯುತ್ತದೆ. ಹಾಗಾಗಿ ಒತ್ತಿದಾಗ, ಬಿಟ್ಟಾಗ, ಡ್ರಾಬಾರ್ ಎಳೆದಾಗ 91 ಗೇನ್‌ಗಳನ್ನೂ ಹೊಸದಾಗಿ ಲೆಕ್ಕ ಹಾಕಿ: ಒತ್ತಿರುವ ಎಲ್ಲ ಕೀಗಳಿಂದ ಆ ಆಸಿಲೇಟರ್‌ಗೆ ಬರುವ ಬಲಗಳ ಮೊತ್ತ. ಆ ಮೊತ್ತವನ್ನು ನೇರವಾಗಿ ಬರೆದರೆ ಅಲೆ ನಡುವೆಯೇ ತುಂಡಾಗಿ ‘ಟಕ್’ ಎನ್ನುತ್ತದೆ. ಬೆಲೆಯನ್ನು ಮೆಲ್ಲಗೆ ಬದಲಿಸುವ ಸೆಟ್‌ಟಾರ್ಗೆಟ್‌ಅಟ್‌ಟೈಮ್ (setTargetAtTime) ಬಳಸಿ, ಬದಲಾವಣೆಯ ವೇಗ ಹೇಳುವ ಕಾಲಸ್ಥಿರಾಂಕ 0.005 ಸೆಕೆಂಡ್. 0.05 ಇಟ್ಟರೆ ಆರ್ಗನ್ ತೂಕಡಿಸುತ್ತದೆ. ಮೂಲ ವಾದ್ಯದ ಸಣ್ಣ ‘ಟಕ್’ ಬೇಕೆನ್ನುವವರಿಗೆ 0.002. ಮೆಲ್ಲಗೆ ಬದಲಿಸುವ ಇನ್ನೊಂದು ವಿಧಾನವಾದ ಎಕ್ಸ್‌ಪೊನೆನ್ಷಿಯಲ್ ರ‍್ಯಾಂಪ್ ಸೊನ್ನೆಯನ್ನು ಒಪ್ಪುವುದಿಲ್ಲ, ಆ ದಾರಿ ಬೇಡ.

ಕೀಬೋರ್ಡ್ ಓದುವಾಗ ಮೂಡುವ ಅಕ್ಷರ ಹೇಳುವ ‘ಕೀ’ (key) ಅಲ್ಲ, ಕೀಲಿಯ ಜಾಗ ಹೇಳುವ ‘ಕೋಡ್’ (code) ನೋಡಿ. ಕನ್ನಡ ಕೀಲಿಮಣೆ ಆನ್ ಇದ್ದರೆ ‘ಕೀ’ಯಲ್ಲಿ ಕನ್ನಡ ಅಕ್ಷರ ಬಂದು ವಾದ್ಯ ಮೂಕವಾಗುತ್ತದೆ. ಕೀ ಒತ್ತಿಹಿಡಿದಾಗ ಮತ್ತೆ ಮತ್ತೆ ಬರುವ ‘ರಿಪೀಟ್’ ಸೂಚನೆ ಬಂದರೆ ಕಡೆಗಣಿಸಿ. ಕಿಟಕಿ ಬದಲಾದಾಗ ಒತ್ತಿದ ಕೀಗಳ ಪಟ್ಟಿ ಖಾಲಿ ಮಾಡಿ, ಇಲ್ಲವಾದರೆ ಸ್ವರ ಅಂಟಿಕೊಳ್ಳುತ್ತದೆ. ಒಟ್ಟಿಗೆ ಒತ್ತಿದ ಮೂರು ಕೀಗಳಲ್ಲಿ ಮೂರನೆಯದು ಮಾತ್ರ ಕೇಳಿಸದಿದ್ದರೆ ಪ್ರೋಗ್ರಾಂ ತಿದ್ದುವ ಮೊದಲು ಕೀಬೋರ್ಡನ್ನು ಅನುಮಾನಿಸಿ. ಅಗ್ಗದವು ಕೆಲವು ಜೋಡಣೆಗಳನ್ನು ನುಂಗುತ್ತವೆ.

ಹ್ಯಾಮಂಡ್ ಜೊತೆ ಬಳಸುವ, ತಿರುಗುತ್ತ ದನಿ ಅಲೆಯಾಡಿಸುವ ಲೆಸ್ಲಿ ಸ್ಪೀಕರ್‌ನ ತಿರುಗಾಟಕ್ಕೆ 2 ಮಿಲಿಸೆಕೆಂಡಿನ ಡಿಲೇ (ದನಿಯನ್ನು ತಡಮಾಡುವ ಘಟಕ), ಅದನ್ನು ಅರ್ಧ ಮಿಲಿಸೆಕೆಂಡ್ ಆಚೀಚೆ ತೂಗುವ ನಿಧಾನದ ಆಸಿಲೇಟರ್ ಸಾಕು: 0.8 ಹರ್ಟ್ಸ್‌ಗೆ ಮಂದ, 6.6ಕ್ಕೆ ವೇಗ. ಬದಲಿಸುವಾಗ ಒಮ್ಮೆಲೇ ಜಿಗಿಸಬೇಡಿ, ಒಂದು ಸೆಕೆಂಡಿನಲ್ಲಿ ಏರಲಿ.