ನನ್ನ ಕಕ್ಷಿದಾರರ ಮನೆಯನ್ನು ಸರ್ಕಾರದ ಅಂಕಿಗಳಲ್ಲಿ ಹುಡುಕಿದ ಬಗೆ

ಶಿವಮೊಗ್ಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. 2025ರ ಬಜೆಟ್‌ನಲ್ಲಿ, ಹೆಚ್ಚಿನ ಕಡಿತಗಳನ್ನು ಬಿಟ್ಟುಕೊಟ್ಟು ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಹೊಸ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ, ಸಂಬಳದಾರರಾದರೆ 12.75 ಲಕ್ಷದವರೆಗೆ, ತೆರಿಗೆ ಇಲ್ಲವೆಂದು ಘೋಷಣೆಯಾದ ವಾರದಲ್ಲಿ ಕಚೇರಿಗೆ ಬಂದವರ ಬಾಯಲ್ಲೆಲ್ಲ 'ಮಧ್ಯಮ ವರ್ಗ' ಎಂಬ ಮಾತೇ ಇತ್ತು. ಖಾಸಗಿ ಕಾಲೇಜಿನ ಉಪನ್ಯಾಸಕರೊಬ್ಬರು ಮಾತ್ರ ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರವಿರುವ ಫಾರ್ಮ್ 16 ಅನ್ನು ಮೇಜಿನ ಮೇಲಿಟ್ಟು, "ಸಾರ್, ಎಲ್ಲರೂ ಮಧ್ಯಮ ವರ್ಗ ಅಂತಾರೆ, ನಾವು ನಿಜಕ್ಕೂ ಮಧ್ಯದಲ್ಲಿ ಇದ್ದೀವಾ?" ಎಂದು ಕೇಳಿದರು. ಸರ್ಕಾರದ ಅಂಕಿಗಳನ್ನು ತೆಗೆದು ನೋಡಿ ಮುಂದಿನ ವಾರ ಹೇಳುತ್ತೇನೆಂದು ಧೈರ್ಯವಾಗಿ ಮಾತು ಕೊಟ್ಟುಬಿಟ್ಟೆ. ಆ ಒಂದು ವಾರ ನಾಲ್ಕು ತಿಂಗಳಾಯಿತು.

ಅವರ ಮನೆಯ ಚಿತ್ರ ಹೀಗಿದೆ. ಗುರುತು ಸಿಗದಂತೆ ಮೊತ್ತಗಳನ್ನು ಕೊಂಚ ಬದಲಿಸಿದ್ದೇನೆ. ಗಂಡನ ವಾರ್ಷಿಕ ಸಂಬಳ 7.8 ಲಕ್ಷ, ಶಾಲೆಯೊಂದರಲ್ಲಿ ಕಲಿಸುವ ಹೆಂಡತಿಯದು 3.4 ಲಕ್ಷ, ತಂದೆಗೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಿಂದ ಖರ್ಚು ಕಳೆದು ವರ್ಷಕ್ಕೆ ಸುಮಾರು 5 ಲಕ್ಷ. ತಾಯಿ ಮತ್ತು ಮಗಳನ್ನು ಸೇರಿಸಿದರೆ ಒಂದೇ ಒಲೆಯಲ್ಲಿ ಉಣ್ಣುವ ಐದು ಜನ. ಒಟ್ಟು ಆದಾಯ 16 ಲಕ್ಷ ದಾಟುತ್ತದೆ.

ಮೊದಲು ನನಗೆ ಪರಿಚಿತವಾದ ತೆರಿಗೆ ಅಂಕಿಅಂಶಗಳನ್ನೇ ಹಿಡಿದೆ. ಆದಾಯ ತೆರಿಗೆ ಇಲಾಖೆ 2016ರಿಂದ ರಿಟರ್ನ್‌ಗಳ ಅಂಕಿಅಂಶಗಳನ್ನು ಆದಾಯದ ಹಂತಗಳ ಪ್ರಕಾರ ಪ್ರಕಟಿಸುತ್ತಿದೆ. ಮೊದಲ ಬಾರಿ ಹೊರಬಂದ 2012-13ರ ಕರನಿರ್ಧಾರಣಾ ವರ್ಷದ ಕೋಷ್ಟಕದಲ್ಲಿ 2.87 ಕೋಟಿ ವ್ಯಕ್ತಿಗಳು ರಿಟರ್ನ್ ಸಲ್ಲಿಸಿದ್ದರು, ಅವರಲ್ಲಿ 1.62 ಕೋಟಿ ಜನ ಒಂದು ರೂಪಾಯಿಯನ್ನೂ ತೆರಿಗೆಯಾಗಿ ಕಟ್ಟಿರಲಿಲ್ಲ. 2017ರ ಬಜೆಟ್ ಭಾಷಣದಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು, 3.7 ಕೋಟಿ ವ್ಯಕ್ತಿಗಳ ಪೈಕಿ 10 ಲಕ್ಷಕ್ಕಿಂತ ಹೆಚ್ಚು ಆದಾಯ ತೋರಿಸಿದವರು 24 ಲಕ್ಷ ಮಾತ್ರ ಎಂದು ಹೇಳಿ, ಐದು ವರ್ಷಗಳಲ್ಲಿ ಮಾರಾಟವಾದ 1.25 ಕೋಟಿ ಕಾರುಗಳ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟಿದ್ದರು. ಕಾರು ಕೊಂಡವರೆಲ್ಲ ಆದಾಯ ಮುಚ್ಚಿಟ್ಟಿದ್ದಾರೆ ಎಂಬ ಅರ್ಥವನ್ನೇ ಆಗ ನಾನೂ ಮಾಡಿಕೊಂಡಿದ್ದೆ. ಮುಚ್ಚಿಡುವವರು ಇಲ್ಲವೆಂದು ನಾನು ಹೇಳಲಾರೆ, ಈ ಕಸುಬಿನಲ್ಲಿದ್ದು ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ಉಪನ್ಯಾಸಕರ ಮನೆಯನ್ನು ಅದೇ ಕೋಷ್ಟಕದಲ್ಲಿ ಹುಡುಕಿದಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು.

ಅವರ 2023-24ರ ಕರನಿರ್ಧಾರಣಾ ವರ್ಷದ, ಎಂದರೆ 2022-23ರಲ್ಲಿ ಗಳಿಸಿದ ಆದಾಯದ, ಕಡತವನ್ನು ತೆಗೆದೆ. ಹಳೆಯ ಪದ್ಧತಿಯಲ್ಲಿ 50,000 ರೂಪಾಯಿ ಪ್ರಮಾಣಿತ ಕಡಿತ ಮತ್ತು 90,000 ರೂಪಾಯಿ ಗೃಹಸಾಲದ ಬಡ್ಡಿ ಕಳೆದ ಮೇಲೆ ಅವರೊಬ್ಬರ ಆದಾಯ 6.4 ಲಕ್ಷಕ್ಕೆ ಇಳಿದಿತ್ತು. ಜೀವವಿಮೆ, ಭವಿಷ್ಯನಿಧಿ ಎಂದು 80ಸಿ ಅಡಿಯಲ್ಲಿ ಒಂದೂವರೆ ಲಕ್ಷ ಕಳೆದಾಗ 4.9 ಲಕ್ಷವಾಗಿ, ಕಡಿಮೆ ಆದಾಯದವರಿಗೆ ಸಿಗುವ 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗಿತ್ತು. ಹೆಂಡತಿಯ ರಿಟರ್ನ್ ಬೇರೆ, ಅದರಲ್ಲೂ ತೆರಿಗೆ ಸೊನ್ನೆ. ತಂದೆಯ ರಿಟರ್ನ್ ಇಲ್ಲವೇ ಇಲ್ಲ, ಏಕೆಂದರೆ ಕೃಷಿ ಆದಾಯಕ್ಕೆ ಆ ವರ್ಷಕ್ಕೆ ಅನ್ವಯವಾಗುತ್ತಿದ್ದ ಕೇಂದ್ರದ 1961ರ ಆದಾಯ ತೆರಿಗೆ ಕಾಯಿದೆಯ 10(1)ನೇ ಕಲಮಿನಲ್ಲಿ ವಿನಾಯಿತಿ ಇತ್ತು. ಹೀಗೆ 16 ಲಕ್ಷದ ಒಂದು ಮನೆ ಇಲಾಖೆಯ ಕೋಷ್ಟಕದಲ್ಲಿ ಎರಡು ಬೇರೆ ಬೇರೆ ಹಂತಗಳಲ್ಲಿ, ತೆರಿಗೆ ಕಟ್ಟದ ಇಬ್ಬರು ಒಂಟಿ ವ್ಯಕ್ತಿಗಳಾಗಿ ಕೂತಿದೆ. ಯಾರೂ ಏನನ್ನೂ ಮುಚ್ಚಿಟ್ಟಿಲ್ಲ, ರಿಟರ್ನ್ ತುಂಬಿದವನು ನಾನೇ. ಆ ಕೋಷ್ಟಕ ಎಣಿಸುವುದು ಪ್ಯಾನ್ ಕಾರ್ಡುಗಳನ್ನು, ಮನೆಗಳನ್ನಲ್ಲ.

ಮನೆಯನ್ನು ಎಣಿಸುವ ಲೆಕ್ಕ ಬೇಕೆಂದು, ಮನೆಗಳು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತವೆ ಎಂದು ಕೇಂದ್ರ ಸರ್ಕಾರ ಕೇಳಿ ಬರೆದುಕೊಳ್ಳುವ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಗೆ ಹೋದೆ. 2017-18ರ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟದ ಕಾರಣ ಕೊಟ್ಟು ಕೇಂದ್ರ ತಡೆಹಿಡಿದದ್ದರಿಂದ, 2011-12ರ ಬಳಿಕ ನಮಗೆ ಮೊದಲು ಸಿಕ್ಕಿದ್ದು 2022ರ ಆಗಸ್ಟ್‌ನಿಂದ 2023ರ ಜುಲೈವರೆಗಿನ ಸುತ್ತು. ನನ್ನ ಕಡತದ ವರ್ಷಕ್ಕೆ ಅದು ಹೆಚ್ಚುಕಡಿಮೆ ಹೊಂದುತ್ತಿತ್ತು. ದೇಶದ 2,61,746 ಮನೆಗಳ ಮಾಹಿತಿ, ಹೆಸರು ವಿಳಾಸಗಳಿಲ್ಲದೆ, ನೋಂದಾಯಿಸಿಕೊಂಡ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡು ತೆರೆದರೆ ಕಂಡದ್ದು ನಡುವೆ ಒಂದು ಅಲ್ಪವಿರಾಮವೂ ಇಲ್ಲದ ಅಂಕಿಗಳ ಉದ್ದುದ್ದ ಸಾಲುಗಳು. ಎಷ್ಟನೇ ಅಕ್ಷರದಿಂದ ಎಷ್ಟನೇ ಅಕ್ಷರದವರೆಗೆ ಏನಿದೆ ಎಂಬುದನ್ನು ಇನ್ನೊಂದು ಕಡತದಲ್ಲಿ ನೋಡಿ ಬಿಡಿಸಿಕೊಳ್ಳಬೇಕು. ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಮಗ ಎರಡು ಭಾನುವಾರ ಕೂತು ಅದನ್ನು ಬಿಡಿಸಿಕೊಟ್ಟ.

ನನ್ನ ಮೊದಲ ಲೆಕ್ಕದಲ್ಲಿ ನಗರಗಳ ಸರಾಸರಿ, ಸರ್ಕಾರ ಪ್ರಕಟಿಸಿದ ತಲಾ ಮಾಸಿಕ ವೆಚ್ಚಕ್ಕಿಂತ ಬಹಳ ಮೇಲೆ ಬಂತು. ಪ್ರಕಟವಾದದ್ದು ದೇಶದ ನಗರಗಳಿಗೆ 6,459 ರೂಪಾಯಿ, ಹಳ್ಳಿಗಳಿಗೆ 3,773. ಸರ್ಕಾರವೇ ತಪ್ಪಿದೆ ಎಂದು ಅರ್ಧ ದಿನ ಬೀಗಿದೆ. ತಪ್ಪು ನನ್ನದಾಗಿತ್ತು. ಈ ಸಮೀಕ್ಷೆಯಲ್ಲಿ ನಗರದ ಮನೆಗಳನ್ನು ಆರಿಸುವ ಮೊದಲು 10 ಲಕ್ಷಕ್ಕಿಂತ ಹೆಚ್ಚು ಬೆಲೆಯ ಸ್ವಂತ ಕಾರಿರುವವರು, ಅದಕ್ಕಿಂತ ಕಡಿಮೆ ಬೆಲೆಯ ಕಾರಿರುವವರು, ಕಾರಿಲ್ಲದವರು ಎಂದು ವಿಂಗಡಿಸುತ್ತಾರೆ. ಸಿರಿವಂತರು ಮಾದರಿಯಿಂದ ತಪ್ಪಿಸಿಕೊಳ್ಳಬಾರದೆಂದು, ಊರಿನಲ್ಲಿ ಕಾರಿರುವ ಮನೆಗಳು ಎಷ್ಟಿವೆಯೋ ಅದಕ್ಕಿಂತ ಹೆಚ್ಚಿನ ಪಾಲಿನಲ್ಲಿ ಅವು ಮಾದರಿಯೊಳಗೆ ಬರುತ್ತವೆ. ಅದನ್ನು ಸರಿದೂಗಿಸಲು ಪ್ರತಿ ಮನೆಯ ಸಾಲಿನ ಕೊನೆಯಲ್ಲಿ, ಆ ಮನೆ ದೇಶದ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂದು ತಿಳಿಸುವ ಗುಣಕವೊಂದಿರುತ್ತದೆ. ನಾನು ಅದನ್ನು ಯಾವುದೋ ಸಂಕೇತ ಸಂಖ್ಯೆ ಎಂದುಕೊಂಡು ಬಿಟ್ಟುಬಿಟ್ಟಿದ್ದೆ. ಗುಣಕ ಸೇರಿಸಿದ ಮೇಲೂ ಉತ್ತರ ಕೊಂಚ ಮೇಲೆಯೇ ಉಳಿಯಿತು, ಏಕೆಂದರೆ ನಾನು ಮನೆಮನೆಯ ತಲಾ ವೆಚ್ಚದ ಸರಾಸರಿ ತೆಗೆಯುತ್ತಿದ್ದೆ. ಚಿಕ್ಕ ಸಂಸಾರಗಳಲ್ಲಿ ತಲಾ ವೆಚ್ಚ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಹಾಗೆ ಮಾಡಿದರೆ ಸರಾಸರಿ ಏರುತ್ತದೆ. ಎಲ್ಲ ಮನೆಗಳ ಒಟ್ಟು ವೆಚ್ಚವನ್ನು ಒಟ್ಟು ಜನರಿಂದ ಭಾಗಿಸಿದಾಗ ಪ್ರಕಟಿತ ಅಂಕಿ ಕೈಗೆ ಬಂತು. ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ ನಾನು ಹೇಳುವುದು ಇಷ್ಟೇ: ಪ್ರಕಟವಾದ ಒಂದು ಅಂಕಿಯನ್ನು ನೀವೇ ಮತ್ತೆ ತೆಗೆದು ತೋರಿಸುವವರೆಗೆ ಹೊಸ ಅಂಕಿ ಹುಡುಕಲು ಹೊರಡಬೇಡಿ.

ಆ ಬಳಿಕ ಉಪನ್ಯಾಸಕರನ್ನು ಕೂರಿಸಿಕೊಂಡು ಸಮೀಕ್ಷೆಯವರು ಕೇಳುವ ರೀತಿಯಲ್ಲೇ ಕೇಳುತ್ತಾ ಹೋದೆ. ಅಕ್ಕಿ, ಬೇಳೆ, ಹಾಲು, ಶಾಲೆಯ ಫೀಸು, ಪೆಟ್ರೋಲು, ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವೂ ಸೇರಿ ತಿಂಗಳಿಗೆ 45,000 ರೂಪಾಯಿ, ತಲೆಗೆ 9,000. ಆ ಸುತ್ತಿನಲ್ಲಿ ಕರ್ನಾಟಕದ ನಗರಗಳ ಸರಾಸರಿ 7,666. ಅವರು ಸರಾಸರಿಗಿಂತ ಒಂದಿಷ್ಟೇ ಮೇಲಿದ್ದಾರೆ ಎಂದು ಕಾಣುತ್ತದೆ. ಆದರೆ ಅವರು ತಿಂಗಳಿಗೆ ಕಟ್ಟುವ 14,000 ರೂಪಾಯಿ ಮನೆಸಾಲದ ಕಂತು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಸಾಲ ತೀರಿಸುವುದೂ ಉಳಿತಾಯವೂ ಬಳಕೆಯಲ್ಲ. ಅದೇ ಬೀದಿಯಲ್ಲಿ ಅಷ್ಟೇ ಬಾಡಿಗೆ ಕೊಡುವ ಇನ್ನೊಂದು ಸಂಸಾರದ ಬಾಡಿಗೆ ಮಾತ್ರ ವೆಚ್ಚದಲ್ಲಿ ಸೇರಿ, ಅವರು ಸ್ವಂತ ಮನೆಯವರಿಗಿಂತ ಅನುಕೂಲಸ್ಥರಂತೆ ತೋರುತ್ತಾರೆ. ಈ ಕಂತಿನ ಗುರುತು ಮೊದಲೆಲ್ಲ ರಿಟರ್ನ್‌ನಲ್ಲಿ ಬಡ್ಡಿಯ ರೂಪದಲ್ಲಾದರೂ ಸಿಗುತ್ತಿತ್ತು. ಹೊಸ ಪದ್ಧತಿಯಲ್ಲಿ ವಾಸದ ಮನೆಯ ಬಡ್ಡಿಗೆ ಕಡಿತವಿಲ್ಲ, 2024ರ ಜುಲೈ 31ರವರೆಗೆ ಬಂದ 7.28 ಕೋಟಿ ರಿಟರ್ನ್‌ಗಳಲ್ಲಿ ಶೇ 72ರಷ್ಟು ಹೊಸ ಪದ್ಧತಿಯವು. ತೆರಿಗೆ ಸರಳವಾದಂತೆ ಮನೆಯೊಳಗಿನ ಸುದ್ದಿ ನಮ್ಮ ಕಡತಗಳಿಂದ ಕಾಣೆಯಾಗುತ್ತಿರುವುದನ್ನು ನಾನು ಪ್ರತಿ ಜುಲೈನಲ್ಲೂ ನೋಡುತ್ತಿದ್ದೇನೆ.

ಮೂರನೆಯ ಮೂಲ ಆದಾಯ ಪ್ರಮಾಣಪತ್ರ. ಇದರಲ್ಲಿ ಹೆಚ್ಚು ಹೊತ್ತು ಕಳೆಯಲಿಲ್ಲ, ಆದರೆ ಒಂದು ವಿಚಿತ್ರ ಸಿಕ್ಕಿತು. ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿಗೂ ಇತರ ಹಿಂದುಳಿದ ವರ್ಗಗಳ ಕೆನೆಪದರಕ್ಕೂ (ಅನುಕೂಲಸ್ಥರೆಂದು ಮೀಸಲಾತಿಯಿಂದ ಹೊರಗಿಡುವವರಿಗೂ) ಕೇಂದ್ರದ ಮಿತಿ ಒಂದೇ, 8 ಲಕ್ಷ. ಮೊದಲನೆಯದರಲ್ಲಿ ಸಂಬಳ, ಕೃಷಿ, ವ್ಯಾಪಾರ ಎಲ್ಲವನ್ನೂ ಕೂಡಿಸುತ್ತಾರೆ. ಎರಡನೆಯದರಲ್ಲಿ ಸಂಬಳವನ್ನೂ ಕೃಷಿ ಆದಾಯವನ್ನೂ ಇತರ ಆದಾಯದ ಜೊತೆ ಕೂಡಿಸುವುದಿಲ್ಲ. ಅಂಕಿ ಒಂದೇ ಆದರೂ ಅಳೆಯುವ ಸೇರು ಬೇರೆ. ಇನ್ನು ಗೃಹಲಕ್ಷ್ಮಿ ಬಂದ ಮೇಲೆ, "ರಿಟರ್ನ್ ಹಾಕಿದ್ರೆ ಎರಡು ಸಾವಿರ ನಿಂತು ಹೋಗುತ್ತೇನ್ರೀ?" ಎಂದು ಕೇಳುವವರಿಗೆ ಲೆಕ್ಕವೇ ಇಲ್ಲ. ಸರ್ಕಾರಕ್ಕೆ ಆದಾಯ ಹೇಳುವುದೆಂದರೆ ಏನನ್ನೋ ಕಳೆದುಕೊಳ್ಳುವುದು ಎಂಬ ಭಯ ಆ ಪ್ರಶ್ನೆಯಲ್ಲಿದೆ.

ಆ ಭಯ ಹಳೆಯದು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 1950 ಮತ್ತು 60ರ ದಶಕಗಳಲ್ಲಿ ಪ್ರಯೋಗವಾಗಿ ಆದಾಯ ಕೇಳಿದಾಗ, ಜನ ಹೇಳಿದ ಆದಾಯ ಅವರ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂದು, ಪ್ರಯತ್ನವನ್ನು ಕೈಬಿಟ್ಟಿದ್ದರು. ಈಗ ಮೊದಲ ಬಾರಿಗೆ ಪೂರ್ಣ ಪ್ರಮಾಣದ ರಾಷ್ಟ್ರೀಯ ಕುಟುಂಬ ಆದಾಯ ಸಮೀಕ್ಷೆಯನ್ನು 2026ರ ಫೆಬ್ರುವರಿಯಿಂದ ನಡೆಸುವುದಾಗಿ ಕೇಂದ್ರ ಸಾಂಖ್ಯಿಕ ಸಚಿವಾಲಯ ಪ್ರಕಟಿಸಿತು. 2025ರ ಆಗಸ್ಟ್‌ನಲ್ಲಿ ಪ್ರಶ್ನಾವಳಿಯನ್ನು ಮೊದಲೇ ಪರೀಕ್ಷಿಸಿ ನೋಡಿದಾಗ ಶೇ 95ರಷ್ಟು ಜನ ಈ ಮಾಹಿತಿಯನ್ನು ಸೂಕ್ಷ್ಮವೆಂದು ಭಾವಿಸಿದ್ದರಂತೆ.

ಕೊನೆಗೆ ಉಪನ್ಯಾಸಕರಿಗೆ ಒಂದು ಹಾಳೆ ಬರೆದುಕೊಟ್ಟೆ. ಅದರಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಒಬ್ಬರದೋ ಮನೆಯದೋ, ಆದಾಯವೋ ವೆಚ್ಚವೋ, ಯಾವ ವರ್ಷದ್ದು ಎಂದು ಬರೆದಿದ್ದೆ. ದೇಶದ ನಗರಗಳಲ್ಲಿ ಅತಿ ಹೆಚ್ಚು ಖರ್ಚು ಮಾಡುವ ಶೇ 5ರಷ್ಟು ಜನರ ತಲಾ ಮಾಸಿಕ ಸರಾಸರಿ 20,824 ರೂಪಾಯಿ ಎಂಬ ಸಾಲನ್ನು ಅವರು ಎರಡು ಸಲ ಓದಿದರು. ಬೆಂಗಳೂರಿನಲ್ಲಿ ನಾಲ್ವರ ಸಂಸಾರಕ್ಕೆ ತಿಂಗಳಿಗೆ ಒಂದು ಲಕ್ಷ ಸಾಲುವುದಿಲ್ಲವೆಂದು ಕೊರಗುವ ತಮ್ಮ ಭಾವನಿಗೆ ಇದನ್ನು ತೋರಿಸಬೇಕೆಂದು ನಕ್ಕರು. ನೀವು ಮಧ್ಯದಲ್ಲಿಲ್ಲ, ಮಧ್ಯಕ್ಕಿಂತ ಸಾಕಷ್ಟು ಮೇಲಿದ್ದೀರಿ, ಎಷ್ಟು ಮೇಲೆ ಎಂದು ಹೇಳಲು ಆದಾಯ ಸಮೀಕ್ಷೆ ಬರಬೇಕು ಎಂದೆ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಾಗಿಲವರೆಗೆ ಹೋದವರು ತಿರುಗಿ ನಿಂತು ಕೇಳಿದರು: "ಅವರು ಮನೆಗೆ ಬಂದಾಗ ಅಪ್ಪನ ಅಡಿಕೆಯನ್ನೂ ಹೇಳಬೇಕಾ ಸಾರ್?"