ಝೀಟಾ ಫಂಕ್ಷನ್ 1ರ ಹತ್ತಿರ ಎಷ್ಟಿರತ್ತೆ ಅಂತ ಕಂಡುಹಿಡಿಯೋದು ಹೇಗೆ

ಝೀಟಾ(ಎಸ್) ಅಂದ್ರೆ, ಎಸ್ 1ಕ್ಕಿಂತ ದೊಡ್ಡದಿದ್ದಾಗ, 1 + 1/2^ಎಸ್ + 1/3^ಎಸ್ + … ಅನ್ನೋ ಕೊನೆಯಿಲ್ಲದ ಮೊತ್ತ. ಝೀಟಾ(1.1) ಬೇಕು ಅಂದ ತಕ್ಷಣ ಎಲ್ರೂ ಮಾಡೋದು ಒಂದೇ, ಲೂಪ್ ಹಾಕಿ 1 + 1/2^1.1 + 1/3^1.1 ಅಂತ ಕೂಡ್ತಾ ಹೋಗೋದು. ಇದು ಮುಗಿಯೋ ಕೆಲ್ಸ ಅಲ್ಲ ಕಣ್ರೀ. ಎನ್ ಟರ್ಮ್ ಕೂಡಿದ್ಮೇಲೂ ಸುಮಾರು 10/ಎನ್^0.1 ಬಾಕಿ ಇರತ್ತೆ, ಅಂದ್ರೆ ಹತ್ತು ಲಕ್ಷ ಟರ್ಮ್ ಆದ್ರೂ ಇನ್ನೂ 2.5 ಬಾಕಿ, ಸಾವಿರ ಕೋಟಿ ಟರ್ಮ್ ಆದ್ರೂ 1 ಬಾಕಿ, ಆ ಬಾಕಿ 0.001ಕ್ಕೆ ಇಳೀಬೇಕು ಅಂದ್ರೆ 10⁴⁰ ಟರ್ಮ್ ಬೇಕು!

ಬರೀ ಅಂದಾಜು ಸಾಕು ಅನ್ನೋರಿಗೆ ಇಂಟಿಗ್ರಲ್ ಜೊತೆ ಹೋಲಿಸಿದ್ರೆ ಆಯ್ತು: ಎಸ್ 1ಕ್ಕಿಂತ ದೊಡ್ಡದಿದ್ದಾಗ ಉತ್ತರ 1/(ಎಸ್−1)ಕ್ಕಿಂತ ಜಾಸ್ತಿ, ಅದಕ್ಕೆ 1 ಕೂಡಿದ್ರೆ ಬರೋದಕ್ಕಿಂತ ಕಮ್ಮಿ. ಝೀಟಾ(1.1) 10ಕ್ಕೂ 11ಕ್ಕೂ ಮಧ್ಯೆ.

ನಿಖರವಾಗಿ ಬೇಕಾದ್ರೆ ಎಸ್ = 1+ಎಕ್ಸ್ ಅಂತ ಇಟ್ಕೊಳ್ಳಿ. ಪೋಲ್‌ನಿಂದ (ಫಂಕ್ಷನ್ ಅನಂತಕ್ಕೆ ಹೋಗೋ ಜಾಗ, ಇಲ್ಲಿ ಎಸ್ = 1) ಬರೋ ಗಲಾಟೆಯೆಲ್ಲ 1/ಎಕ್ಸ್ ಅನ್ನೋ ಒಂದೇ ಟರ್ಮ್‌ನಲ್ಲಿದೆ, ಅದನ್ನ ಆಚೆ ತೆಗೆದ್ರೆ ಉಳಿದಿದ್ದು ತುಂಬಾ ಸಾಧು:

ಝೀಟಾ(1+ಎಕ್ಸ್) ≈ 1/ಎಕ್ಸ್ + 0.5772157 + 0.0728158·ಎಕ್ಸ್ − 0.0048452·ಎಕ್ಸ್² − 0.0003423·ಎಕ್ಸ್³

0.5772157 ನಮ್ಮ ಹಳೇ ಆಯ್ಲರ್ ಕಾನ್‌ಸ್ಟಂಟ್ ಗಾಮಾ, ಮುಂದಿನವು ಸ್ಟೀಲ್ಟ್ಯೆಸ್ ಕಾನ್‌ಸ್ಟಂಟ್‌ಗಳಿಂದ ಬರೋವು. ಎಕ್ಸ್ = 0.1 ಹಾಕಿ ನೋಡಿ, 10.5844485 ಬರತ್ತೆ, ಏಳೂ ದಶಾಂಶ ಸರಿ. ಎಕ್ಸ್ ಮೈನಸ್ ಆದ್ರೂ ನಡಿಯತ್ತೆ (ಅಲ್ಲಿ ಆ ಮೊತ್ತ ಅನಂತಕ್ಕೆ ಹೋಗತ್ತೆ, ಝೀಟಾ ಅಂದ್ರೆ ಅದರ ವಿಸ್ತರಣೆ), ಝೀಟಾ(0.9) ≈ −9.430114. ಮಜಾ ಅಂದ್ರೆ ದೂರ ಹೋದ್ರೂ ಇದು ಅಷ್ಟು ಬೇಗ ಕೈಕೊಡಲ್ಲ, ಎಕ್ಸ್ = 1 ಹಾಕಿದ್ರೆ 1.644844, ಝೀಟಾ(2) ನಿಜವಾಗಿ 1.644934. ಯಾಕಂದ್ರೆ 1/ಎಕ್ಸ್ ತೆಗೆದ್ಮೇಲೆ ಉಳಿಯೋ ಫಂಕ್ಷನ್‌ಗೆ ಬೇರೆಲ್ಲೂ ಪೋಲ್ ಇಲ್ಲ. ಕಾಂಪ್ಲೆಕ್ಸ್ ಎಕ್ಸ್‌ಗೂ ಇದೇ ಸೂತ್ರ.

ಈ ಕಾನ್‌ಸ್ಟಂಟ್‌ಗಳು ಕೈಯಲ್ಲಿಲ್ಲ ಅಂದ್ರೆ ಆಯ್ಲರ್–ಮೆಕ್ಲಾರಿನ್ ಸೂತ್ರ ಇದೆ (ಕೆಲವು ಟರ್ಮ್ ಕೂಡಿ, ಬಾಕಿಯನ್ನ ಇಂಟಿಗ್ರಲ್ ಮತ್ತೆ ಸಣ್ಣ ತಿದ್ದುಪಡಿಗಳಿಂದ ಲೆಕ್ಕ ಹಾಕೋದು), ಸ್ವಲ್ಪ ಜಾಸ್ತಿ ಕೆಲ್ಸ ಆದ್ರೆ ಪೋಲ್ ಹತ್ರ ಇದ್ರೂ ದೂರ ಇದ್ರೂ ನಂಬಬಹುದು. ಎಸ್ = 1.1ಕ್ಕೆ ಮೊದಲ 9 ಟರ್ಮ್ ಮಾತ್ರ ಕೂಡಿ, 2.600722. ಇದಕ್ಕೆ 10^(−0.1)/0.1 ಅಂದ್ರೆ 7.943282 ಸೇರ್ಸಿ, ಆಮೇಲೆ ಹತ್ತನೇ ಟರ್ಮ್‌ನ ಅರ್ಧ 0.039716, ಕೊನೆಗೆ 1.1·10^(−2.1)/12 ಅಂದ್ರೆ 0.000728. ಒಟ್ಟು 10.584448, ಆರೂ ದಶಾಂಶ ಸರಿ. 10⁴⁰ ಎಲ್ಲಿ, 9 ಎಲ್ಲಿ.

ಕೋಡ್ ಬರೆಯೋರು ಇದೊಂದು ನೋಡ್ಕೊಳ್ಳಿ, ಜನ ಬೀಳೋದೇ ಇಲ್ಲಿ. ಎಕ್ಸ್ = 10⁻¹⁰ ಇದ್ದಾಗ ಮೊದ್ಲು 1+ಎಕ್ಸ್ ಮಾಡಿ ಫಂಕ್ಷನ್‌ಗೆ ಕೊಟ್ಟು, ಒಳಗಡೆ ಮತ್ತೆ 1 ಕಳೆದ್ರೆ, ಡಬಲ್ ಪ್ರಿಸಿಷನ್‌ನಲ್ಲಿ (ಸುಮಾರು 16 ಅಂಕೆ ಮಾತ್ರ ಇಟ್ಕೊಳ್ಳೋ ಕಂಪ್ಯೂಟರ್ ಸಂಖ್ಯೆ) ವಾಪಸ್ ಸಿಗೋದು 1.0000000827×10⁻¹⁰. ಇದರ ವಿಲೋಮ ತಗೊಂಡ್ರೆ ಉತ್ತರ 827ರಷ್ಟು ತಪ್ಪು, ಇನ್ನು 0.5772 ಸೇರ್ಸಿ ಏನು ಪ್ರಯೋಜನ? ಸೂತ್ರದ ತಪ್ಪಲ್ಲ ಇದು, 1+ಎಕ್ಸ್ ಮಾಡಿದಾಗ್ಲೇ ಎಕ್ಸ್‌ನ ಅರ್ಧ ಅಂಕೆಗಳು ಹೋಗಿರ್ತವೆ. ಅದಕ್ಕೆ ಫಂಕ್ಷನ್‌ಗೆ ಎಸ್ ಕೊಡ್ಬೇಡಿ, ನೇರವಾಗಿ ಎಕ್ಸ್ ಕೊಡಿ.