ಒಂದು ಮಿಲಿಗ್ರಾಂ ಉಪ್ಪಿನಿಂದ ವಿಷಗಪ್ಪೆಯ ಪಾಠ

ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಮೊದಲ ಸಲ ವಿಷಗಪ್ಪೆಯ ವಿಷಯ ಹೇಳಿದಾಗ, ಮೊಬೈಲಿನಲ್ಲಿ ಹಳದಿ ಕಪ್ಪೆಯ ಚಿತ್ರ ತೋರಿಸಿ, ಮುಟ್ಟಿದರೆ ಸಾವೇ ಎಂದು ಹೆದರಿಸಿ ಮುಗಿಸಿದ್ದೆ. ಮಾರನೆಯ ದಿನ ಶಾಲೆಯ ಕೈಪಂಪಿನ ಬಳಿ ಎರಡು ನೆಲಗಪ್ಪೆಗಳು ಕಲ್ಲೇಟಿಗೆ ಸತ್ತು ಬಿದ್ದಿದ್ದವು. ತಪ್ಪು ನನ್ನದೇ ಆಗಿದ್ದರಿಂದ ಪಾಠವನ್ನು ಮೊದಲಿನಿಂದ ಕಟ್ಟಿದೆ.

ಈ ಸಲ ಪ್ರಮಾಣದಿಂದ ಆರಂಭಿಸಿದೆ. ತಕ್ಕಡಿಯಲ್ಲಿ 1 ಗ್ರಾಂ ಪುಡಿಯುಪ್ಪು ತೂಗಿ, ಕಪ್ಪು ಕಾಗದದ ಮೇಲೆ ಹರಡಿ, ಸ್ಕೇಲಿನಿಂದ ಅರ್ಧ ಮಾಡಿ ಒಂದು ಪಾಲನ್ನು ಬದಿಗೆ ಸರಿಸುತ್ತ, ಉಳಿದದ್ದನ್ನು ಮತ್ತೆ ಅರ್ಧ ಮಾಡುತ್ತ ಹತ್ತು ಸಲ ಹೋದರೆ, ಕೊನೆಗೆ ಉಳಿಯುವುದು 1024ರಲ್ಲಿ ಒಂದು ಪಾಲು, ಅಂದರೆ ಹೆಚ್ಚುಕಡಿಮೆ 1 ಮಿಲಿಗ್ರಾಂ. ಎಂಟನೆಯ ಸಲಕ್ಕೆ ಫ್ಯಾನು ನಿಲ್ಲಿಸಬೇಕಾಯಿತು; ಹತ್ತನೆಯದಕ್ಕೆ ಬೆರಳೆಣಿಕೆಯ ಹರಳುಗಳು ಉಳಿದವು. ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಮಳೆಕಾಡಿನಲ್ಲಷ್ಟೇ ಇರುವ, ಸುಮಾರು 5 ಸೆಂಟಿಮೀಟರ್ ಉದ್ದದ ಫಿಲೋಬೇಟಿಸ್ ಟೆರಿಬಿಲಿಸ್ ಕಪ್ಪೆಯ ಚರ್ಮದಲ್ಲಿರುವ ಬ್ಯಾಟ್ರಕೋಟಾಕ್ಸಿನ್ ವಿಷವೂ ಸುಮಾರು ಇಷ್ಟೇ, ಮತ್ತು ಅದು ಹತ್ತು ಮಂದಿಯ ಜೀವ ತೆಗೆಯಬಲ್ಲದೆಂಬ ಅಂದಾಜಿದೆ ಎಂದಾಗ ತರಗತಿ ಸುಮ್ಮನಾಯಿತು. ಅಲ್ಲಿನ ಎಂಬೆರಾ ಜನರು ಊದುಕೊಳವೆಯ ಅಂಬಿನ ತುದಿಯನ್ನು ಈ ಕಪ್ಪೆಯ ಬೆನ್ನಿಗೆ ಉಜ್ಜಿ ಬೇಟೆಗೆ ಬಳಸುತ್ತಿದ್ದರು. ವಿಜ್ಞಾನಿಗಳಾದ ಮೈಯರ್ಸ್, ಡೇಲಿ ಮತ್ತು ಮಾಲ್ಕಿನ್ ಇದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 1978ರಲ್ಲಿ.

ವಿಷದ ಕೆಲಸವನ್ನು ತಿಳಿಸಲು ನಮ್ಮ ಕೆರೆಯ ತೂಬೇ ಸಾಕಾಯಿತು. ನರ ಮತ್ತು ಸ್ನಾಯುಗಳ ಜೀವಕೋಶದಲ್ಲಿ ಸೋಡಿಯಂ ಒಳನುಗ್ಗುವ ಬಾಗಿಲು ಕ್ಷಣಮಾತ್ರ ತೆರೆದು ಮುಚ್ಚಬೇಕು. ಈ ವಿಷ ಅದನ್ನು ಮುಚ್ಚಗೊಡುವುದಿಲ್ಲ, ಮುರಿದ ತೂಬಿನಂತೆ ಹರಿವು ನಿಲ್ಲದೆ ಸ್ನಾಯುಗಳು ಸೆಟೆದು ಹೃದಯದ ಬಡಿತ ತಪ್ಪುತ್ತದೆ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಸಾರ್, ಆ ಕಪ್ಪೆಯ ಮರಿಯನ್ನು ನಮ್ಮೂರಲ್ಲಿ ಸಾಕಿದರೆ?” ಎಂದು ಕೇಳಿದ್ದು ನನಗೆ ಇಡೀ ಪಾಠಕ್ಕಿಂತ ಹೆಚ್ಚು ಇಷ್ಟವಾಯಿತು. ವಿಷ ಬರುವುದು ಅದು ಕಾಡಿನಲ್ಲಿ ತಿನ್ನುವ ಸಣ್ಣ ಜೀವಿಗಳಿಂದ. ಸಾಕಣೆಯಲ್ಲಿ ಹುಟ್ಟಿ ಬೇರೆ ಹುಳು ತಿಂದು ಬೆಳೆದ ಕಪ್ಪೆಯಲ್ಲಿ ಅದು ಇರುವುದಿಲ್ಲ.

ಕೊನೆಗೆ ನೆಲಗಪ್ಪೆಗೆ ಬಂದೆ. ಅದಕ್ಕೂ ಕಣ್ಣಿನ ಹಿಂದಿನ ಉಬ್ಬುಗಳಲ್ಲಿ ವಿಷವಿದೆ, ಆದರೆ ಅದು ಬೇರೆ ಬಗೆಯದು. ಕಚ್ಚಿದ ನಾಯಿಯ ಬಾಯಲ್ಲಿ ನೊರೆ ಬಂದದ್ದನ್ನು ಇಬ್ಬರು ಹುಡುಗರು ಕಂಡಿದ್ದರು. ಮುಟ್ಟಿದವರು ಕಣ್ಣುಜ್ಜದೆ ಕೈ ತೊಳೆದುಕೊಂಡರೆ ಸಾಕು ಎಂದು ಹೇಳಿ, ಅದೇ ಕೈಪಂಪಿನ ಬಳಿ ಕೈ ತೊಳೆಸಿ ಗಂಟೆ ಬಾರಿಸಿದೆ.